ಎಡಬದಿಯ ಹೀಟರ್ ಕೊಳವೆ

ಬೀದರಿನಲ್ಲಿ ಯಾರಾದರೂ ಕಾರಿನ ಹೀಟರ್ ಸರಿ ಮಾಡಿಕೊಡಿ ಎಂದು ಬಂದರೆ ನನಗೆ ಅನುಮಾನ ಬರುತ್ತದೆ. ವರ್ಷದ ಮುಕ್ಕಾಲು ಭಾಗ ಸ್ಟೀರಿಂಗ್ ಮುಟ್ಟಿದರೆ ಕೈ ಚುರುಗುಟ್ಟುವ ಊರು ನಮ್ಮದು. ಡಿಸೆಂಬರಿನ ಬೆಳಗಿನಲ್ಲಿ ಹಲ್ಲು ಕಟಕಟ ಎನ್ನುವುದು ನಿಜ, ಆದರೆ ಅದಕ್ಕೆ ನಮ್ಮ ಜನ ಕಿವಿಗೆ ಮಫ್ಲರ್ ಸುತ್ತಿಕೊಂಡು ಮುಗಿಸುತ್ತಾರೆ. ಹಳೆಯ ಕಾರು ಗ್ಯಾರೇಜಿಗೆ ಬಂದರೆ ಈ ಕಡೆಯ ಮಿಸ್ತ್ರಿಗಳು ಮೊದಲು ಮಾಡುವ ಕೆಲಸವೇ ಹೀಟರಿನ ಬಾಯಿಗೆ ಚಿಂದಿ ತುರುಕಿ ತಂತಿ ಬಿಗಿಯುವುದು. ನಾನೂ ಎಷ್ಟೋ ಕಾರುಗಳಿಗೆ ಹಾಗೆ ಮಾಡಿದ್ದೇನೆ.

ಹಾಗಿರುವಾಗ ಔರಾದದಿಂದ ಒಬ್ಬ ಅಕ್ಕೋರು ದಸರೆ ಮುಗಿದ ವಾರವೇ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಒಂದು ಸಣ್ಣ ಕಾರನ್ನು ಹೇರಿಸಿಕೊಂಡು ನನ್ನ ಗ್ಯಾರೇಜಿಗೆ ಬಂದರು. ಅವರು ಭಾಲ್ಕಿಯ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗೆ. ಕಾರು ಅರವತ್ತರ ದಶಕದ್ದು, ಎರಡು ಬಾಗಿಲು, ಎಂಜಿನ್ ಹಿಂದುಗಡೆ, ನೀರಿನ ಬದಲು ಗಾಳಿಯಿಂದ ತಣಿಯುವಂಥದ್ದು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶೆಡ್ಡಿನಲ್ಲಿ ನಿಂತಿತ್ತು. ಮುಂದಿನ ಎಡಭಾಗ ಒಳಗೆ ನುಗ್ಗಿತ್ತು.

“ಇದಕ್ಕೇನಾಗ್ಯದ್ರಿ?” ಎಂದೆ.

“ಗಿಡಕ್ಕ ಬಡದದ” ಎಂದರು, ಅಷ್ಟೇ. “ಬಣ್ಣ, ಸೀಟು ನಿಮಗ ತಿಳದಂಗ ಮಾಡ್ರಿ. ಆದ್ರ ಹೀಟರ್ ಮಾತ್ರ ಮೊದಲ ಹ್ಯಾಂಗಿತ್ತೋ ಹಂಗ ಆಗಬೇಕು. ಬಿಚ್ಚಿದ ಸಾಮಾನು ಒಂದೂ ಒಗಿಬ್ಯಾಡ್ರಿ. ಹಂಗ ಎತ್ತಿಡ್ರಿ.”

ಕಾರು ರಿಪೇರಿಗೆ ಕೊಡುವವರು ಹೊಸ ಸಾಮಾನು ಯಾವುದು ಹಾಕಿದಿರಿ ಎಂದು ಕೇಳುತ್ತಾರೆ. ಬಿಚ್ಚಿದ ತುಕ್ಕು ಸಾಮಾನಿನ ಮೇಲೆ ಕಣ್ಣಿಟ್ಟವರನ್ನು ನಾನು ನೋಡಿದ್ದು ಅದೇ ಮೊದಲು. ಬೀದರಿನಲ್ಲಿ ನನ್ನದಕ್ಕಿಂತ ದೊಡ್ಡ ಗ್ಯಾರೇಜುಗಳಿವೆ, ಅವನ್ನೆಲ್ಲ ದಾಟಿ ನನ್ನ ಬಳಿಯೇ ಯಾಕೆ ಬಂದರು ಎಂಬುದೂ ತಲೆಯಲ್ಲಿ ಕೊರೆಯತೊಡಗಿತು. ಮನೆಯಲ್ಲಿ ಹೇಳಿದಾಗ ನನ್ನಾಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ನಿಮಗ ಅನುಮಾನ ಬರದ ದಿನ ನಾನೇ ಡಾಕ್ಟರ್ ಕಡಿ ಕರ್ಕೊಂಡ್ ಹೋಗ್ತೇನಿ” ಎಂದಳು.

ಈ ಬಗೆಯ ಕಾರಿನ ಹೀಟರ್ ಹೇಗೆ ಕೆಲಸ ಮಾಡುತ್ತದೆಂದು ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ನಿನ ಹೊಗೆ ಹೊರಹೋಗುವ ಪೈಪುಗಳು ಎಡಕ್ಕೊಂದು, ಬಲಕ್ಕೊಂದು ಇರುತ್ತವೆ. ಪ್ರತಿ ಪೈಪಿನ ಸುತ್ತ ಒಂದು ತಗಡಿನ ಕವಚ. ಫ್ಯಾನಿನ ಗಾಳಿ ಪೈಪಿಗೂ ಕವಚಕ್ಕೂ ನಡುವಿನ ಜಾಗದಲ್ಲಿ ಹಾದು ಬಿಸಿಯಾಗುತ್ತದೆ. ಅಲ್ಲಿಂದ ಒಂದು ಮೆತ್ತನೆಯ ಕೊಳವೆ ಅದನ್ನು ಕಾರಿನ ಒಳಕ್ಕೆ, ಕೂತವರ ಕಾಲಿನ ಬುಡಕ್ಕೆ ಒಯ್ಯುತ್ತದೆ. ಒಳಗಿನ ಹೊಗೆ ಮತ್ತು ಹೊರಗಿನ ಗಾಳಿ ಒಂದನ್ನೊಂದು ಮುಟ್ಟಬಾರದು. ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ನಿಯಮದ ಮೇಲೆ.

ಆ ಮೆತ್ತನೆಯ ಕೊಳವೆಗಳು ಎರಡೂ ಬದಿಯಲ್ಲಿ ಇರಲಿಲ್ಲ. ಇಲಿಗಳು ತಿಂದು, ಸುರುಳಿ ತಂತಿ ಮಾತ್ರ ಉಳಿದಿತ್ತು. ಎರಡೂ ಬದಿಯ ಕ್ಲಿಪ್ಪಿನ ಕೆಳಗೆ ಬೆರಳಗಲದ ತುಂಡೊಂದು ಕಚ್ಚಿಕೊಂಡಿತ್ತು. ಅಳತೆ ತೆಗೆದೆ. ಅಗಲ ಎರಡು ಇಂಚಿಗೆ ಒಂದು ನೂಲು ಹೆಚ್ಚು, ಉದ್ದ ಒಂದೂವರೆ ಗೇಣು. ಇಷ್ಟು ಸಣ್ಣ ಸಾಮಾನು ಬೀದರಿನಲ್ಲಿ ಸಿಗದೇ ಇರುತ್ತದೆಯೇ ಎಂದುಕೊಂಡು ಬಜಾರಿಗೆ ಹೋದೆ.

ಬಿಡಿಭಾಗದ ಅಂಗಡಿಯವನು ಬಿದ್ದು ಬಿದ್ದು ನಕ್ಕ. “ಹೀಟರ್ ಪೈಪಾ? ಬೀದರದಾಗ? ಗಾಡಿ ಬಿಸಲಿಗೆ ನಿಂದ್ರಸ್ರಿ, ಪುಕ್ಕಟ ಹೀಟರ್!” ನಕ್ಕು ಮುಗಿದ ಮೇಲೆ ಬಟ್ಟೆ ಒಗೆಯುವ ಯಂತ್ರದ ನೀರಿನ ಪೈಪು ತಂದು ಮುಂದಿಟ್ಟ. “ಇದಾ ಹಾಕ್ರಿ. ಅಳತಿ ಬರೋಬ್ಬರಿ ಅದ. ಕೆಳಗ ಮಲಕೊಂಡು ಯಾರ್ ನೋಡ್ತಾರ?”

ಯಾರು ನೋಡುತ್ತಾರೆ ಎನ್ನುವವನ ಸಾಮಾನನ್ನು ನಾನು ಎಂದೂ ನಂಬಿದವನಲ್ಲ. ಒಂದು ತುಂಡು ತಂದು ಮನೆಯಲ್ಲಿ ಕಾದ ರೊಟ್ಟಿ ಹಂಚಿನ ಮೇಲಿಟ್ಟೆ. ಎರಡು ನಿಮಿಷಕ್ಕೆ ಕರಗಿ ಹರಡಿತು. ಅಡುಗೆಮನೆಯ ಚಿಮಣಿಗೆ ಹಾಕುವ ಬೆಳ್ಳಿ ಬಣ್ಣದ ಕೊಳವೆ ತಂದೆ. ಅದು ಕರಗಲಿಲ್ಲ, ಆದರೆ ಬಾಗಿಸಿದ ಕಡೆಯೆಲ್ಲ ಹರಿಯಿತು. ಮೊಬೈಲಿನಲ್ಲಿ ಹುಡುಕಿ ‘ಅಸಲಿ’ ಎಂದು ಬರೆದ ಜೋಡಿಯನ್ನು ತರಿಸಿದೆ. ಪೊಟ್ಟಣ ಚೆನ್ನಾಗಿತ್ತು. ಒಳಗಿನದು ದಪ್ಪ ಕಾಗದಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು, ಹಂಚಿನ ಮೇಲಿಟ್ಟಾಗ ಸುಟ್ಟ ಚಪ್ಪಲಿಯ ವಾಸನೆ ಮನೆಯೆಲ್ಲ ತುಂಬಿತು. ಆ ಹಂಚಿನಲ್ಲಿ ಇನ್ನು ರೊಟ್ಟಿ ಬೇಯುವುದಿಲ್ಲ ಎಂದು ನನ್ನಾಕೆ ಅದನ್ನು ಗ್ಯಾರೇಜಿಗೇ ಕಳಿಸಿದಳು.

ಕಡೆಗೆ ಕೊಳವೆಯನ್ನು ನಾನೇ ಮಾಡಬೇಕೆಂದು ತೀರ್ಮಾನಿಸಿದೆ. ಬೆಂಕಿಗೆ ಜಗ್ಗದ ಬಟ್ಟೆ ಬೇಕಿತ್ತು. ಸಕ್ಕರೆ ಕಾರ್ಖಾನೆಗಳಲ್ಲಿ ಬಾಯ್ಲರಿನ ಪೈಪುಗಳಿಗೆ ಬಟ್ಟೆ ಸುತ್ತುವ ಗುತ್ತಿಗೆದಾರನೊಬ್ಬ ಭಾಲ್ಕಿಯಲ್ಲಿ ಇದ್ದಾನೆಂದು ಗೊತ್ತಾಯಿತು. ಅಲ್ಲಿ ಹೇಗೂ ನನ್ನ ಉಸ್ತಾದ್ ಕೂಡ ಇದ್ದರು. ಈ ಜಾತಿಯ ಕಾರುಗಳ ಒಳಹೊರಗು ಬಲ್ಲವರು ಜಿಲ್ಲೆಯಲ್ಲಿ ಅವರೊಬ್ಬರೇ. ಹಳೆಯ ಕೊಳವೆ ಹೇಗೆ ಕೂರುತ್ತಿತ್ತು ಎಂದು ಅವರನ್ನು ಕೇಳಿದರಾಯಿತು ಎಂದು ಒಂದೇ ಬಸ್ಸಿಗೆ ಎರಡು ಕೆಲಸ ಇಟ್ಟುಕೊಂಡು ಹೊರಟೆ.

ಭಾಲ್ಕಿ ನಾನು ಹುಟ್ಟಿದ ಊರು. ನಮ್ಮಪ್ಪ ಅಲ್ಲಿ ತಗಡಿನ ಕೆಲಸದವನು. ಸ್ನಾನದ ನೀರು ಕಾಯಿಸುವ ಬಂಬ ಮಾಡುವುದರಲ್ಲಿ ಕೈ ಪಳಗಿದವನು. ನಡುವೆ ಬೆಂಕಿಯ ಪೈಪು, ಸುತ್ತ ನೀರು, ತಗಡು ಕೂಡುವ ಹೊಲಿಗೆಯೆಲ್ಲ ತವರದ ಬೆಸುಗೆ. ಮಾಡಿದ ಪ್ರತಿ ಬಂಬಕ್ಕೂ ಹೊಲಿಗೆ ಮುಗಿಯುವಲ್ಲಿ ಉಳಿಯಿಂದ ಮೂರು ಚುಕ್ಕೆ ಹೊಡೆಯುತ್ತಿದ್ದ. ನಾನು ಕೆಲಸ ಕಲಿತದ್ದು ಆ ಚುಕ್ಕೆ ಹೊಡೆಯುವುದರಿಂದಲೇ. ಅಪ್ಪ ತೀರಿಕೊಂಡಾಗ ಉಸ್ತಾದ್ ನನ್ನನ್ನು ತಮ್ಮ ಗ್ಯಾರೇಜಿಗೆ ಕರೆದುಕೊಂಡರು, ತಗಡಿನ ಕೆಲಸವನ್ನೆಲ್ಲ ನನಗೆ ಬಿಟ್ಟರು. ಎರಡು ವರ್ಷದ ನಂತರ ಒಂದು ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ಕೈಗೊಂದು ಚೀಟಿ ಕೊಟ್ಟು, ಹೈದರಾಬಾದಿನಲ್ಲಿ ತಮ್ಮ ಗೆಳೆಯನ ಗ್ಯಾರೇಜಿಗೆ ಕಳಿಸಿದರು. ನಾನು ಇಂದು ಏನಾಗಿದ್ದೇನೋ ಅದಕ್ಕೆ ಆ ಚೀಟಿಯೇ ಕಾರಣ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಗುತ್ತಿಗೆದಾರನ ಬಳಿ ಗಾಜಿನ ನೂಲಿನ ಬಟ್ಟೆ ಸಿಕ್ಕಿತು. ಹಳೆಯ ಕಾಲದ ಕಲ್ನಾರು ಇರಬಹುದೆಂದು ಅನುಮಾನಿಸಿ ಅವನಿಂದ ಮೂರು ಸಲ ಪೊಟ್ಟಣದ ಚೀಟಿ ತರಿಸಿ ಓದಿದೆ. ನಾಲ್ಕನೆಯ ಸಲ ಕೇಳಿದಾಗ, “ನಿಮಗ ಬಟ್ಟಿ ಬೇಕೋ, ನನ್ನ ಜಾತಕ ಬೇಕೋ?” ಎಂದ. ಬಟ್ಟೆ ಕಟ್ಟಿಸಿಕೊಂಡು ಕೋಟೆಯ ಹತ್ತಿರವಿರುವ ಉಸ್ತಾದರ ಮನೆಗೆ ಹೋದೆ.

ಉಸ್ತಾದ್ ಅಂಗಳದಲ್ಲಿ ಮಂಚದ ಮೇಲೆ ಕೂತಿದ್ದರು. ಕಣ್ಣಿಗೆ ಪೊರೆ ಬಂದು ವರ್ಷಗಳೇ ಆಗಿದ್ದವು, ಆದರೆ ಹೆಜ್ಜೆಯ ಸದ್ದಿನಿಂದಲೇ ನನ್ನನ್ನು ಗುರುತು ಹಿಡಿದರು. ಚಹ ಬಂತು. ಬಸಿಯಲ್ಲಿ ಸುರುವಿಕೊಂಡು ಕುಡಿಯುತ್ತ ಮೊಮ್ಮಕ್ಕಳ ಸುದ್ದಿ ಹೇಳಿದರು. ನಾನು ಔರಾದದ ಅಕ್ಕೋರ ಕಾರಿನ ಮಾತು ತೆಗೆದೆ. ಬಸಿ ಅರ್ಧಕ್ಕೇ ನಿಂತಿತು.

“ಆ ಗಾಡಿ ನಾ ನೋಡೇ ಇಲ್ಲ” ಎಂದರು.

“ಅದರ ಹೀಟರ್ ಸರಿ ಆಗ್ಬೇಕಂತ್ರಿ, ಉಸ್ತಾದ್.”

“ಹೀಟರ್ ಗೀಟರ್ ಯಾತಕ್ಕ ಬೇಟಾ? ಚಿಂದಿ ತುರುಕು, ಬಂದ್ ಮಾಡಿ ಕೊಟ್ಟುಬಿಡು. ಆ ಎಡಗಡಿದು ಬಿಚ್ಚಲಿಕ್ಕ ಹೋಗಬ್ಯಾಡ.”

ನಾನು ಎಡ, ಬಲ ಎಂದು ಬಾಯಿಯೇ ಬಿಟ್ಟಿರಲಿಲ್ಲ. ನೋಡದ ಗಾಡಿಯ ಎಡಬದಿಯನ್ನು ಬಿಚ್ಚಬೇಡ ಎನ್ನುವುದು ಹೇಗೆ? ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಅವರ ಮುಂದೆ ನನಗೆ ಇಂದಿಗೂ ಇಪ್ಪತ್ತು ವರ್ಷದವನ ನಾಲಿಗೆಯೇ. ಆದರೆ ಬೀದರಿಗೆ ಬರುವ ಬಸ್ಸಿನಲ್ಲಿ ಅದೊಂದೇ ಮಾತು ಕಿವಿಯಲ್ಲಿ ಸುತ್ತುತ್ತಿತ್ತು.

ಮರುದಿನ ಬೆಳಿಗ್ಗೆ ಅಂಗಡಿ ತೆರೆದವನೇ ಕಾರಿನ ಕೆಳಗೆ ಮಲಗಿದೆ. ಬಲಬದಿಯ ಕ್ಲಿಪ್ಪಿನಡಿ ಉಳಿದಿದ್ದ ಕೊಳವೆಯ ತುಂಡಿನ ಒಳಗೆ ಬೆರಳು ಹಾಕಿದೆ, ಕೆಂಪು ಧೂಳು ಬಂತು. ಎಡಬದಿಯದರ ಒಳಗೆ ಹಾಕಿದೆ, ಬೆರಳು ಕಪ್ಪಾಗಿ ಬಂತು. ಅದು ಹೊಗೆಯ ಮಸಿ. ಬರಿಯ ಗಾಳಿ ಓಡಾಡುವ ಕೊಳವೆಯಲ್ಲಿ ಮಸಿ ಇರಲು ಒಂದೇ ಒಂದು ಕಾರಣ.

ಎಡಗಡೆಯ ಕವಚವನ್ನು ಬಿಚ್ಚಿದೆ. ಬಲಗಡೆಯದು ಕಾರ್ಖಾನೆಯ ಅಚ್ಚಿನಲ್ಲಿ ಬಂದ ದಪ್ಪ ತಗಡು. ಎಡಗಡೆಯದು ಜಸ್ತದ ತಗಡನ್ನು ಕೈಯಿಂದ ಬಗ್ಗಿಸಿ ರಿವೆಟ್ ಹೊಡೆದದ್ದು. ಒಳಗಿನ ಹೊಗೆ ಪೈಪಿನಲ್ಲಿ ತುಕ್ಕು ತಿಂದು ಹೆಬ್ಬೆಟ್ಟಿನಗಲದ ತೂತು ಬಿದ್ದಿತ್ತು. ಅದರ ಮೇಲೆ ಯಾರೋ ಒಂದು ತಗಡಿನ ಪಟ್ಟಿ ಸುತ್ತಿ, ಅಂಚನ್ನು ತವರದಿಂದ ಬೆಸೆದಿದ್ದರು. ಆ ಬೆಸುಗೆ ಈಗ ಅಲ್ಲಿರಲಿಲ್ಲ. ಕರಗಿ ಇಳಿದು, ಕವಚದ ತಳದಲ್ಲಿ ಜೋಳದ ಕಾಳಿನಂತೆ ಉರುಳಾಡುತ್ತಿತ್ತು. ಪಟ್ಟಿಯ ಸುತ್ತಲೂ ಉಗುರು ತೂರುವಷ್ಟು ಸಂದು.

ನನಗೆ ಮೈ ಉರಿದುಹೋಯಿತು. ಹೊಗೆ ಪೈಪಿಗೆ ತವರದ ಬೆಸುಗೆ ಹಾಕಿದ ಕತ್ತೆ ಯಾವನು ಎಂದು ಗಟ್ಟಿಯಾಗಿಯೇ ಬೈದೆ. ಇದು ಬಂಬ ಮಾಡುವವರ ಕೈ ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ಬಂಬದಲ್ಲಿ ತವರ ನಿಲ್ಲುತ್ತದೆ, ಏಕೆಂದರೆ ಸುತ್ತ ನೀರಿರುತ್ತದೆ, ನೀರು ಇರುವವರೆಗೆ ಬೆಸುಗೆ ಕರಗುವಷ್ಟು ಕಾಯುವುದೇ ಇಲ್ಲ. ನೀರು ತುಂಬದೆ ಬಂಬಕ್ಕೆ ಬೆಂಕಿ ಹಾಕಬೇಡವೆಂದು ನಮ್ಮ ಕಡೆ ಮನೆಗೆ ಬಂದ ಸೊಸೆಗೆ ಮೊದಲ ದಿನವೇ ಹೇಳುತ್ತಾರೆ. ಈ ಕವಚದಲ್ಲಿದ್ದದ್ದು ಬರೀ ಗಾಳಿ. ಮೊದಲ ದೂರದ ಓಟಕ್ಕೇ ತವರ ಇಳಿಯತೊಡಗಿ, ಓಟ ಓಟಕ್ಕೂ ಸಂದು ಹಿರಿದಾಗಿರಬೇಕು. ಉಸ್ತಾದ್ ಭಾಲ್ಕಿಯ ಯಾವನೋ ತಗಡಿನವನಿಂದ ಇದನ್ನು ಮಾಡಿಸಿ, ಈಗ ಕೈ ತೊಳೆದುಕೊಳ್ಳುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಆ ಕಾಲಕ್ಕೆ ಅಲ್ಲಿ ಹತ್ತಾರು ಮಂದಿ ತಗಡಿನವರಿದ್ದರು.

ಅಕ್ಕೋರಿಗೆ ಫೋನು ಮಾಡದೆ ಔರಾದಕ್ಕೇ ಹೋದೆ. ಅವರು ವರಾಂಡದಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ನನ್ನ ಮುಖ ನೋಡಿ, “ಎಡಗಡಿದು ಬಿಚ್ಚಿದ್ರೇನು?” ಎಂದರು. ಇವರಿಗೂ ಗೊತ್ತು!

“ಅಕ್ಕೋರ, ನೀವು ನನ್ನ ಕಡಿ ಯಾಕ ಬಂದ್ರಿ? ಖರೇ ಹೇಳ್ರಿ.”

“ಭಾಲ್ಕಿ ಉಸ್ತಾದನ ಶಿಷ್ಯ ನೀವು. ಗುರು ಮುಚ್ಚಿಟ್ಟಿದ್ದು ಏನರ ಇದ್ರ ಶಿಷ್ಯನ ಕೈಯಾಗ ಸಿಗ್ತದ ಅಂತ ಬಂದೆ.” ಸೊಪ್ಪನ್ನು ಪಕ್ಕಕ್ಕೆ ಸರಿಸಿ ಹೇಳತೊಡಗಿದರು.

ಅವರ ಗಂಡ ದನದ ಡಾಕ್ಟರ್ ಆಗಿದ್ದರು. ಹೆಂಡತಿಗೆ ದಮ್ಮು, ಚಳಿಗಾಲದ ಬಸ್ಸಿನಲ್ಲಿ ಉಸಿರು ಹಿಡಿಯುತ್ತಿತ್ತು. ಅದಕ್ಕೆಂದೇ ಹೈದರಾಬಾದಿನಿಂದ ಈ ಹಳೆಯ ಕಾರು ತಂದು, ಹೀಟರಿನ ಚಿಂದಿ ತೆಗೆಸಿ, ಕೆಟ್ಟಿದ್ದ ಎಡಬದಿಯನ್ನು ಉಸ್ತಾದರ ಕೈಯಿಂದ ರಿಪೇರಿ ಮಾಡಿಸಿದರು. ಔರಾದದಿಂದ ಭಾಲ್ಕಿಯ ಶಾಲೆಯವರೆಗೆ ಅಕ್ಕೋರನ್ನು ಬಿಟ್ಟು, ಡಾಕ್ಟರ್ ಒಬ್ಬರೇ ಮರಳುತ್ತಿದ್ದರು. ರಿಪೇರಿಯಾಗಿ ನಾಲ್ಕನೆಯ ದಿನ, ಮರಳುವಾಗ, ಮಾಂಜ್ರಾ ಸೇತುವೆ ದಾಟಿದ ಮೇಲೆ ನೇರ ರಸ್ತೆಯಲ್ಲಿ ಕಾರು ಬೇವಿನ ಮರಕ್ಕೆ ಹೊಡೆಯಿತು. ಬ್ರೇಕು ಹಾಕಿದ ಗುರುತೇ ಇರಲಿಲ್ಲ. ಚುಚ್ಚುಮದ್ದಿನ ಪೆಟ್ಟಿಗೆಯಲ್ಲಿದ್ದ ಸ್ಪಿರಿಟ್ ಬಾಟಲಿ ಒಡೆದು ಕಾರೆಲ್ಲ ನಾರುತ್ತಿತ್ತು.

“ಕುಡದು ಹೊಡಸ್ಯಾನ ಅಂದ್ರು. ಮೊದಲ ಅಂದಾಂವ ನನ್ನ ಮೈದುನ, ಭಾಲ್ಕ್ಯಾಗ ಇರ್ತಾನ. ಅಣ್ಣನ ಫೋಟೋ ಸೈತ ಮನ್ಯಾಗ ಹಾಕಿಲ್ಲ. ಅವರು ಒಂದು ಹನಿ ಮುಟ್ಟಿದವರಲ್ಲ, ನನಗ ಗೊತ್ತದ. ಗೊತ್ತದ ಅಂತ ಹೇಳ್ಕೋತ ಬಂದೀನಿ. ಆದ್ರ ಮೂವತ್ತು ವರ್ಷ ಹತ್ತು ಮಂದಿ ಹತ್ತು ಸರ್ತಿ ಅಂದ್ರ...” ಎಂದು ನಿಲ್ಲಿಸಿದರು. “ಮುಂಜಾನಿ ಅಷ್ಟೊತ್ತಿಗೆ ನಾ ಇಳದ ಮ್ಯಾಲ ಎಲ್ಲೆರ ಹೋಗಿದ್ರೇನೋ ಅಂತ ನನಗೂ ಅನಸ್ಯದ. ಅದಾ ನನಗ ಸಹಿಸಲಿಕ್ಕ ಆಗಂಗಿಲ್ಲ.”

ಆ ನಾಲ್ಕು ದಿನವೂ ತಮಗೆ ತಲೆ ಸಿಡಿಯುತ್ತಿತ್ತು, ಕಾರಿನಿಂದ ಇಳಿದ ಮೇಲೆ ಸರಿಹೋಗುತ್ತಿತ್ತು ಎಂದರು. ಕಾರನ್ನು ಪರೀಕ್ಷಿಸಿದ ಉಸ್ತಾದ್ ಮಾತ್ರ ಗಾಡಿಯಲ್ಲಿ ಏನೂ ದೋಷವಿಲ್ಲ ಎಂದು ಪೊಲೀಸರಿಗೆ ಹೇಳಿದ್ದರು. “ನೋಡೇ ಇಲ್ಲ” ಎಂದ ಅದೇ ಗಾಡಿಯನ್ನು.

“ಮತ್ತ ನಿಮಗ್ಯಾಕ ಏನೂ ಆಗಲಿಲ್ಲ, ಅಕ್ಕೋರ?”

“ನಾ ದಮ್ಮಿನಾಕಿ. ಕಾಲಿಗೆ ಬಿಸಿ ಬೇಕು, ಮೂಗಿಗೆ ಹೊರಗಿನ ಗಾಳಿ ಬೇಕು. ನನ್ನ ಕಡಿ ಕಿಟಕಿ ಕಾಜು ಬಟ್ಟನಷ್ಟು ಇಳಿಸಿ ಕೂಡ್ತಿದ್ದೆ. ಸಾಲಿ ಬಂತಂದ್ರ ಪೂರಾ ಏರಿಸಿ ಇಳೀತಿದ್ದೆ. ಒಬ್ಬರೇ ಹೋಗ್ತಾರಲ್ಲ, ಅವರಿಗೆ ಥಂಡಿ ಆಗಬಾರ್ದು ಅಂತ.” ಅಷ್ಟು ಹೇಳಿ ಸೊಪ್ಪಿನ ಬುಟ್ಟಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು.

ಎಂಜಿನ್ ಅಷ್ಟರಲ್ಲಿ ತಯಾರಾಗಿತ್ತು. ಕೊಳವೆಗಳನ್ನು ಮೊದಲು ಮುಗಿಸಿದೆ. ಮರದ ಉರುಳೆಯ ಮೇಲೆ ಉಕ್ಕಿನ ತಂತಿಯನ್ನು ಸುರುಳಿ ಸುತ್ತಿ, ಗಾಜಿನ ಬಟ್ಟೆಯ ಪಟ್ಟಿಯನ್ನು ಅರ್ಧರ್ಧ ಒಂದರ ಮೇಲೊಂದು ಬರುವಂತೆ ಎರಡು ಸುತ್ತು ಹಾಕಿ, ಬಿಸಿ ತಡೆಯುವ ಸಿಲಿಕಾನ್ ಸವರಿ ಎರಡು ದಿನ ಒಣಗಿಸಿದೆ. ಹಂಚಿನ ಮೇಲೆ ಅರ್ಧ ಗಂಟೆ ಇಟ್ಟರೂ ಬಣ್ಣ ಬದಲಾಗಲಿಲ್ಲ. ಆಮೇಲೆ ಬೇಕೆಂದೇ ಎಡಬದಿಯ ಹಳೆಯ ಪೈಪು, ಹಳೆಯ ಕವಚ ಮರಳಿ ಹಾಕಿ, ಹೊಸ ಕೊಳವೆ ಜೋಡಿಸಿ, ಗಾಜುಗಳನ್ನೆಲ್ಲ ಇಳಿಸಿಕೊಂಡು ಹೊಗೆ ತಪಾಸಣೆ ಕೇಂದ್ರಕ್ಕೆ ಓಡಿಸಿದೆ. ಅಲ್ಲಿಯವನು ಯಂತ್ರದ ನಳಿಕೆ ಹಿಡಿದು ಕಾರಿನ ಹಿಂದೆ ಹೋದ. ನಾನು ಮುಂದೆ ಕರೆದು, ಎಡ ಸೀಟಿನ ಕಾಲ ಬಳಿಯ ಹೀಟರಿನ ಬಾಯಿಗೆ ಹಿಡಿ ಎಂದೆ.

“ಏನ್ ಮಿಸ್ತ್ರಿ, ನಿಮ್ಮ ಗಾಡಿ ಮುಂದಿಂದ ಹೊಗಿ ಬಿಡ್ತದೇನು?” ಎಂದು ಹಿಡಿದ. ಯಂತ್ರದ ಅಂಕಿ ಏರಿತು, ಇನ್ನೂ ಏರಿತು. ಅವನ ನಗು ನಿಂತಿತು. “ಬಂದ್ ಮಾಡ್ರಿ, ಬಂದ್ ಮಾಡ್ರಿ. ಕಾರ್ಬನ್ ಮೊನಾಕ್ಸೈಡ್ ಅದರಿ ಇದು. ಇದರಾಗ ಕಾಜು ಏರಿಸಿ ಕುಂತ್ರ ಮನಷ್ಯಾ ಎಚ್ಚರ ತಪ್ಪತಾನ.” ಕುಡಿದವನಂತೆ ತೂಕಡಿಸಿ, ಬ್ರೇಕು ಕೂಡ ಹಾಕದೆ.

ಕವಚವನ್ನು ಬಿಚ್ಚಿ ಗೋಣಿಚೀಲದಲ್ಲಿ ಕಟ್ಟಿಕೊಂಡು ಭಾಲ್ಕಿಗೆ ಹೋದೆ. ಈ ಸಲ ಚಹಕ್ಕೆ ಕಾಯಲಿಲ್ಲ. ಮಂಚದ ಮೇಲೆ ಚೀಲ ಸುರಿದೆ.

“ಎಡಗಡಿ ಅಂತ ನಿಮಗ ಹ್ಯಾಂಗ ಗೊತ್ತಾತು, ಉಸ್ತಾದ್? ಡಾಕ್ಟರ್ ಕುಡದು ಸತ್ತಿಲ್ಲ. ಈ ತಗಡಿನಿಂದ ಸತ್ತಾರ. ಅವರ ಹೆಂಡ್ತಿ ಮೂವತ್ತು ವರ್ಷ ಕುಡುಕನ ಹೆಂಡ್ತಿ ಅನಸ್ಕೊಂಡಾಳ. ನಿಮಗ ಎಲ್ಲಾ ಗೊತ್ತಿತ್ತು.”

ಅವರು ಕವಚವನ್ನು ತೊಡೆಯ ಮೇಲೆ ಎಳೆದುಕೊಂಡು, ಕಾಣದ ಕಣ್ಣಿನಿಂದ ದೂರಕ್ಕೆ ನೋಡುತ್ತ, ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಆಡಿಸಿದರು. ಕೊನೆಯಲ್ಲಿ ಬೆರಳು ನಿಂತಿತು.

“ಗೊತ್ತಿತ್ತು. ಆದ್ರ ಇದು ನನ್ನ ಕೈ ಅಲ್ಲ, ಬೇಟಾ. ಇಲ್ಲಿ ನೀ ಒಮ್ಮಿ ಬೆರಳು ಇಡು.”

ಇಟ್ಟೆ. ಮಸಿಯ ಕೆಳಗೆ ಮೂರು ತಗ್ಗು. ಪಂಚೆಯ ತುದಿಗೆ ಉಗುಳು ಹಚ್ಚಿ ಒರೆಸಿದೆ. ಮೂರು ಚುಕ್ಕೆ. ಅಪ್ಪ ಸತ್ತು ಆಗಲೇ ಎರಡು ವರ್ಷವಾಗಿತ್ತು. ಊರಿನಲ್ಲಿ ಆ ಗುರುತು ಹೊಡೆಯುವ ಕೈ ಇನ್ನೊಂದೇ ಇತ್ತು.

ನನಗೆ ಆ ಕಾರು ನೆನಪಿಲ್ಲ, ಯಾಕೆಂದರೆ ನಾನು ಕಾರನ್ನು ನೋಡೇ ಇರಲಿಲ್ಲ. ಉಸ್ತಾದ್ ಬೆಂಚಿನ ಮೇಲೆ ಒಂದು ಪೈಪು ತಂದಿಟ್ಟು, ತೂತು ಮುಚ್ಚು, ಮೇಲೊಂದು ಕವಚ ಮಾಡು ಎಂದಿರಬೇಕು. ನಾನು ಅಪ್ಪ ಕಲಿಸಿದಂತೆ ಮಾಡಿಕೊಟ್ಟಿರಬೇಕು. ಅಂಥ ತಗಡು ದಿನಕ್ಕೆ ನಾಲ್ಕು ಬಗ್ಗಿಸುತ್ತಿದ್ದೆ.

“ನೀರು ತುಂಬಿ ನೋಡಿದ್ವಿ, ಇಬ್ಬರೂ ಕೂಡಿ” ಎಂದರು ಉಸ್ತಾದ್. “ಹನಿ ಸೋರಲಿಲ್ಲ. ಭೇಷ್ ಅಂತ ನಿನ್ನ ಬೆನ್ನು ತಟ್ಟಿದೆ. ಬೆಂಕಿಗೆ ಹ್ಯಾಂಗ ತಡೀತದ ಅಂತ ನೀ ಕೇಳೂ ವಯಸ್ಸಲ್ಲ, ನಾ ಕೇಳಬೇಕಿತ್ತು. ಗಿಡಕ್ಕ ಬಡದ ಗಾಡಿ ಬಂದ ದಿನ ಬಿಚ್ಚಿ ನೋಡಿದೆ, ಮತ್ತ ಹಾಕಿದೆ. ಎರಡೇ ದಿನದಾಗ ನಿನಗ ಚೀಟಿ ಕೊಟ್ಟು ಹೈದರಾಬಾದಿಗೆ ಕಳಸಿದೆ. ಇಲ್ಲಿದ್ದು ಗೊತ್ತಾಗಿದ್ರ ನೀ ಮತ್ತ ಕೆಲಸಕ್ಕಂತ ಪಾನಾ ಹಿಡೀತಿರಲಿಲ್ಲ.”

ನಾನು ಎಲ್ಲರ ಮೇಲೂ ಅನುಮಾನ ಪಟ್ಟಿದ್ದೆ, ಅಂಗಡಿಯವನ ಮೇಲೆ, ಬಟ್ಟೆ ಕೊಟ್ಟವನ ಮೇಲೆ, ಅಕ್ಕೋರ ಮೇಲೆ, ಇವರ ಮೇಲೆ. ಕತ್ತೆ ಯಾವನು ಎಂದು ಬೈದದ್ದೂ ನನ್ನನ್ನೇ. ಕವಚವನ್ನು ಮತ್ತೆ ಚೀಲಕ್ಕೆ ತುಂಬಿ ಎದ್ದೆ. ಉಸ್ತಾದ್ ನನ್ನ ತೋಳು ಹಿಡಿದರು. “ಹೇಳೂದಾದ್ರ ಮೊದಲ ನನ್ನ ಹೆಸರು ಹೇಳು. ಹೇಳದಿದ್ರೂ ನಡೀತದ. ನಿಂದು ಚಾಲೂ ಗ್ಯಾರೇಜು.”

ಮುಂದಿನ ವಾರವೆಲ್ಲ ಕೆಲಸ ಮಾಡಿದೆ. ಎಡಬದಿಗೆ ಎಲ್ಲೂ ಕೀಲಿಲ್ಲದ ಒಂದೇ ತುಂಡಿನ ಹೊಸ ಪೈಪು ಬಗ್ಗಿಸಿ, ಎರಡೂ ತುದಿಗೆ ವೆಲ್ಡ್ ಹೊಡೆದೆ. ಬಲಗಡೆಯದರ ಅಚ್ಚು ತೆಗೆದು ಹೊಸ ಕವಚ ಮಾಡಿದೆ. ತುದಿಯ ವೆಲ್ಡುಗಳು ಕವಚದ ಹೊರಗೇ ಉಳಿಯುವಂತೆ ನೋಡಿಕೊಂಡೆ. ತಪಾಸಣೆ ಕೇಂದ್ರದಲ್ಲಿ ಎಂಜಿನ್ ಅರ್ಧ ಗಂಟೆ ಓಡಿಸಿ, ಹೀಟರಿನ ಬಾಯಿಗೆ ನಳಿಕೆ ಹಿಡಿಸಿದೆ. ಅಂಕಿ ಸೊನ್ನೆ ಬಿಟ್ಟು ಏಳಲಿಲ್ಲ. ಇನ್ನೊಮ್ಮೆ ಹಿಡಿಸಿದೆ. ಮೂರನೆಯ ಸಲ ಹಿಡಿದು ಅವನು ಕೈಮುಗಿದ.

ಇಷ್ಟಾದ ಮೇಲೆ ಒಂದು ಹಾಳೆಯಲ್ಲಿ ಅಕ್ಕೋರಿಗಾಗಿ ಬರೆದೆ. ಕಾರಿನ ಹೀಟರಿನಲ್ಲಿ ಹೊಗೆ ಸೋರುತ್ತಿತ್ತು, ಹಿಂದಿನ ಯಾವುದೋ ರಿಪೇರಿಯಲ್ಲಿ ತಪ್ಪು ಬೆಸುಗೆ ಬಿದ್ದಿತ್ತು, ಅದರಿಂದ ಒಳಗಿದ್ದವರಿಗೆ ಎಚ್ಚರ ತಪ್ಪುತ್ತದೆ ಎಂದು. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಡಾಕ್ಟರರ ಹೆಸರು ತೊಳೆಯಲು ಅಷ್ಟು ಸಾಕು, ನನ್ನ ಗ್ಯಾರೇಜಿಗೆ ಕಲ್ಲು ಬೀಳುವುದೂ ಬೇಡ ಎಂದು ಲೆಕ್ಕ ಹಾಕಿದ್ದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಕಾರನ್ನು ಔರಾದಕ್ಕೆ ಓಡಿಸಿಕೊಂಡು ಹೋದೆ. ಅಕ್ಕೋರು ಶಾಲು ಹೊದ್ದು ಗೇಟಿನಲ್ಲೇ ನಿಂತಿದ್ದರು. ಬಣ್ಣ, ಸೀಟು ಯಾವುದನ್ನೂ ನೋಡಲಿಲ್ಲ. ಹಾಳೆ ತೆಗೆದುಕೊಂಡು ಕನ್ನಡಕ ಹಾಕಿ ನಿಂತಲ್ಲೇ ಓದಿದರು. “ಕುಡದಿರಲಿಲ್ಲ” ಎಂದರು. ಮತ್ತೆ, “ನೆಟ್ಟಗ ಮನಿಗೇ ಬರಲಿಕ್ಕತ್ತಿದ್ರು” ಎಂದರು. ಕಣ್ಣೊರೆಸಿಕೊಂಡು, ಹಾಳೆಯನ್ನು ಇನ್ನೊಮ್ಮೆ ಮೊದಲಿನಿಂದ ಓದಿ, ನಡುವೆ ಒಂದು ಕಡೆ ಬೆರಳಿಟ್ಟರು.

“ಯಾವುದೋ ರಿಪೇರಿ ಅಂತ ಬರದೀರಿ. ಯಾರ ಮಾಡಿದ್ದು?”

ಗೊತ್ತಿಲ್ಲ ಎನ್ನಲು ಒಂದು ಮಾತು ಸಾಕಿತ್ತು. ಅದು ನಾಲಿಗೆಯ ತುದಿಯವರೆಗೂ ಬಂತು. ಆದರೆ ಮೂವತ್ತು ವರ್ಷ ಇಂಥ ಸುಳ್ಳನ್ನೇ ಕೇಳಿಸಿಕೊಂಡು ಬದುಕಿದವರು ಎದುರಿಗೆ ನಿಂತಿದ್ದರು. ಕಾರಿನೊಳಗಿಂದ ಗೋಣಿಚೀಲ ತಂದು, ಹಳೆಯ ಕವಚ ತೆಗೆದು, ಮೂರು ಚುಕ್ಕೆ ತೋರಿಸಿದೆ. ಅಪ್ಪನ ಗುರುತಿನಿಂದ ಹಿಡಿದು ಹೈದರಾಬಾದಿನ ಚೀಟಿಯವರೆಗೆ ಎಲ್ಲವನ್ನೂ ಹೇಳಿದೆ. ಉಸ್ತಾದರ ಹೆಸರನ್ನೂ ಹೇಳಿದೆ. ಹೇಳುವಾಗ ಅಕ್ಕೋರ ಮುಖ ನೋಡುವ ಧೈರ್ಯವಾಗಲಿಲ್ಲ.

ಅವರು ಕನ್ನಡಕ ತೆಗೆದು, “ಆಗ ನಿಮ್ಮ ವಯಸ್ಸೆಷ್ಟು?” ಎಂದರು.

“ಇಪ್ಪತ್ತೊಂದರಿ.”

“ಮಾಫಿ ಅಂತ ನನ್ನ ಬಾಯಾಗ ಬರಂಗಿಲ್ಲ, ಮಿಸ್ತ್ರಿ. ಇವತ್ತಂತೂ ಬರಂಗಿಲ್ಲ.” ಹಾಳೆಯನ್ನು ನನ್ನ ಕೈಗೆ ಕೊಟ್ಟರು. “ಇದರಾಗ ಎರಡೂ ಹೆಸರು ಬರೀರಿ. ಬರದು ನಡೀರಿ, ಭಾಲ್ಕಿಗೆ. ನನ್ನ ಮೈದುನನ ಮುಂದ ನೀವಾ ನಿಂತು ಓದಬೇಕು.”

ಕಾರಿನ ಬಾನೆಟ್ಟಿನ ಮೇಲೆ ಹಾಳೆಯಿಟ್ಟು ಬರೆದೆ. ಅವರು ಎಡಗಡೆ ಕೂತರು. ಹೊರಗೆ ಹೊಲದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಊರು ದಾಟುತ್ತಲೇ, “ಹೀಟರ್ ಬಿಡ್ರಿ” ಎಂದರು. ಗುಂಡಿ ಎಳೆದೆ. ಕಾಲಿಗೆ ಬಿಸಿ ಬಂತು. ಯಂತ್ರದ ಸೊನ್ನೆಯನ್ನು ಮೂರು ಸಲ ಕಣ್ಣಾರೆ ನೋಡಿದ್ದೆ, ಆದರೂ ಮಾಂಜ್ರಾ ನದಿ ಹತ್ತಿರವಾದಂತೆ ನನ್ನ ಕೈ ತಾನಾಗಿ ಗಾಜಿನ ಹಿಡಿಕೆಗೆ ಹೋಗಿ, ನನ್ನ ಬದಿಯ ಗಾಜನ್ನು ಬೆರಳಗಲ ಇಳಿಸಿತು. ತಣ್ಣನೆಯ ಗಾಳಿ ಸುಯ್ಯೆಂದು ಒಳಗೆ ಬಂತು.

ಅಕ್ಕೋರು ತಿರುಗಿ ನೋಡಿದರು. ಅವರ ಕಡೆಯ ಗಾಜೂ ಬೆರಳಗಲ ಇಳಿದಿತ್ತು. ಯಾವಾಗ ಇಳಿಸಿದ್ದರೋ ನನಗೆ ಗೊತ್ತಾಗಿರಲಿಲ್ಲ. ಅವರು ಹಿಡಿಕೆಗೆ ಕೈ ಹಾಕಿ, ನಿಧಾನವಾಗಿ, ಪೂರಾ ಏರಿಸಿದರು.

“ನಿಮ್ಮದೂ ಏರಸ್ರಿ” ಎಂದರು. “ಥಂಡಿ ಅದ.”

ಏರಿಸಿದೆ. ಸೇತುವೆ ಬಂತು, ಬೇವಿನ ಮರ ಬಂತು, ಹೋಯಿತು. ಇಬ್ಬರೂ ಉಸಿರಾಡುತ್ತ ಭಾಲ್ಕಿಯವರೆಗೆ ಹೋದೆವು.